ಟವೆಲ್ಲಿನ ಕೆಳಗೆ ಸಾರ್ವಜನಿಕ ಅಭಿಪ್ರಾಯ

ಅವರು ಎತ್ತರದ ಆಳು ಎಂದು ನನ್ನ ನೆನಪು. ಡೈರಿ ತೆಗೆದು ನೋಡಿದರೆ, ಅವರನ್ನು ಮೊದಲು ಕಂಡ ದಿನ 'ಕುಳ್ಳಗೆ, ತೆಳ್ಳಗೆ, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್ಲು' ಎಂದು ಬರೆದುಕೊಂಡಿದ್ದೇನೆ. ಯಾರನ್ನು ನಂಬಬೇಕೋ ತಿಳಿಯದು. ಡೈರಿ ಬರೆದವನಿಗೆ ಇಪ್ಪತ್ತಮೂರು ವರ್ಷ; ಮೈಸೂರಿನಲ್ಲಿ ಅರ್ಥಶಾಸ್ತ್ರ ಓದಿ ಆಗತಾನೆ ಹೊರಬಂದಿದ್ದ, ಎದುರಿಗಿದ್ದವರೆಲ್ಲ ತನಗಿಂತ ಕುಳ್ಳಗೆ ಕಾಣುವ ವಯಸ್ಸು. ನೆನಪಿಟ್ಟುಕೊಂಡವನಿಗೆ ಈಗ ನಲವತ್ತು ದಾಟಿದೆ. ಸತ್ತವರನ್ನು ಎತ್ತರಿಸಿ ತಾನು ಹಗುರಾಗುವ ಅಭ್ಯಾಸ ಅವನಿಗೆ ಬಂದಿರಬಹುದು.

ಹೋದ ತಿಂಗಳು ಮುಳ್ಳೂರಿನ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಕೆಲಸ ಮುಗಿಸಿಕೊಂಡು ಬಾಗಿಲ ತನಕ ಹೋದವರು ತಿರುಗಿ ನಿಂತು ಹೇಳಿದರು:

"ನಿಮ್ಮ ದಲ್ಲಾಳಿ ಓಗ್ಬುಟ್ರು ಸಾ. ಗೊತ್ತಾಗ್ನಿಲ್ವಾ?"

ನನ್ನ ದಲ್ಲಾಳಿ. ಅವರು ನನಗೆ ಏನನ್ನೂ ಕೊಡಿಸಿದವರಲ್ಲ, ನನ್ನದೇನನ್ನೂ ಮಾರಿಸಿಕೊಟ್ಟವರೂ ಅಲ್ಲ. ಆದರೂ ಆ ಮಾತನ್ನು ತಿದ್ದಬೇಕೆನಿಸಲಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಷ್ಟು ದಿನ ಅವರ ಹೆಸರು ಸರ್ಕಾರದ ಯಾವ ಫಾರಂನಲ್ಲೂ ಬರಲಿಲ್ಲ. ಅದರಲ್ಲಿ ನನ್ನ ಪಾಲೂ ಇರುವುದರಿಂದ, ಈಗ ಹೆಸರು ಬರೆದು ದೊಡ್ಡತನ ತೋರಿಸುವುದು ಸರಿಯಲ್ಲ.

ಕೊಳ್ಳೇಗಾಲ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದು ಮೂರೋ ನಾಲ್ಕೋ ವರ್ಷವಾಗಿದ್ದ ಕಾಲ. ಸುತ್ತಲ ಊರುಗಳಲ್ಲಿ ರೇಷ್ಮೆ ಹುಳು ಸಾಕುವ ಮನೆಗಳಿದ್ದವು. ಗೂಡು ಬೇಯಿಸಿ ನೂಲು ತೆಗೆಯುವ ಚರಕದವರು ಕೊಳ್ಳೇಗಾಲ ಪೇಟೆಯಲ್ಲೂ ಅಲ್ಲಲ್ಲಿ ಊರುಗಳಲ್ಲೂ ಇದ್ದರು. ಇವರಿಬ್ಬರ ನಡುವೆ ಗೂಡಿನ ದಲ್ಲಾಳಿಗಳು. ಅವರಲ್ಲಿ ಇವರೊಬ್ಬರು.

ಗೂಡಿನ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಂದ ಆಡುತ್ತಿರಲಿಲ್ಲ. ದಲ್ಲಾಳಿ ಹೆಗಲ ಟವೆಲ್ಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ಮಾರುವವನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಹಿಡಿದರೆ ಅಷ್ಟು ರೂಪಾಯಿ, ಬೆರಳಿನ ಮೇಲಿನ ಗೆಣ್ಣು ಮಾತ್ರ ಹಿಡಿದರೆ ಅರ್ಧ. ಆಮೇಲೆ ಕೊಳ್ಳುವವನ ಕೈ. ಹತ್ತಾರು ಜನ ಸುತ್ತ ನಿಂತಿದ್ದರೂ ಬೆಲೆ ಎಷ್ಟೆಂದು ತಿಳಿಯುತ್ತಿದ್ದುದು ಆ ಮೂವರಿಗೆ ಮಾತ್ರ. ಪಕ್ಕದವನಿಗೆ ಹೆಚ್ಚು ಸಿಕ್ಕಿತೋ ಕಡಿಮೆ ಸಿಕ್ಕಿತೋ ಗೊತ್ತಾಗುತ್ತಿರಲಿಲ್ಲವಾದ್ದರಿಂದ ಊರಿನಲ್ಲಿ ಜಗಳವಿರಲಿಲ್ಲ. ಮೋಸವಿತ್ತೇ ಎಂದರೆ, ಅದೂ ಗೊತ್ತಾಗುತ್ತಿರಲಿಲ್ಲ.

ನಮ್ಮ ದಲ್ಲಾಳಿಗೆ ಈ ಕಸುಬು ಮೈಯೊಳಗೆ ಇಳಿದುಬಿಟ್ಟಿತ್ತು. ಅವರು ಯಾವತ್ತೂ ಬೆರಳು ತೋರಿಸಿ ಮಾತಾಡಿದವರಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಗಲ್ಲವೆತ್ತಿ ದಿಕ್ಕು ತೋರಿಸುತ್ತಿದ್ದರು. ಮಕ್ಕಳೆಷ್ಟು ಎಂದು ಒಮ್ಮೆ ಕೇಳಿದೆ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಮೂರು ಸಾ" ಎಂದರು. ಆಮೇಲೆ ತಾವೇ ನಕ್ಕು, "ಬೆರಳು ತೋರ್ಸ್‌ಬುಟ್ರೆ ರೇಟು ಏಳ್ದಂಗಾಯ್ತದೆ. ಮಕ್ಳಿಗೆ ರೇಟು ಕಟ್ಬಾರ್ದು" ಎಂದರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳು ಸತ್ತಿದೆಯೋ ಬದುಕಿದೆಯೋ ಹೇಳುತ್ತಿದ್ದರು. ಟವೆಲ್ಲಿನ ಕೆಳಗೆ ಕೈಯಿಡುವ ಮೊದಲು ಕೈ ತೊಳೆಯದೆ ಕೂತದ್ದನ್ನು ನಾನು ಕಾಣಲಿಲ್ಲ.

ನಾನು ಅಲ್ಲಿಗೆ ಹೋದದ್ದು ಒಂದು ಸಮಿತಿಯ ಕೆಲಸಕ್ಕೆ. ಸಣ್ಣ ಕಸುಬುದಾರರಿಗೆ ಸರ್ಕಾರ ಏನು ನೆರವು ಕೊಡಬೇಕು ಎಂಬುದನ್ನು ಸಣ್ಣ ಕಸುಬುದಾರರನ್ನೇ ಕೇಳಿ ತಿಳಿಯಬೇಕೆಂದು ಯಾರಿಗೋ ಹೊಳೆದಿತ್ತು. ಒಳ್ಳೆಯ ಯೋಚನೆ, ಈಗಲೂ ಹಾಗೇ ಅನಿಸುತ್ತದೆ. ನನ್ನ ಕೆಲಸ ತಾತ್ಕಾಲಿಕ. ಅಭಿಪ್ರಾಯ ಚೆನ್ನಾಗಿ ಸಂಗ್ರಹವಾದರೆ ಕಾಯಂ ಆಗುವ ಆಸೆಯಿತ್ತು. ಕೇಳಬೇಕಾದ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದು: ಸರ್ಕಾರವೇ ಒಂದು ಮಾರುಕಟ್ಟೆ ಕಟ್ಟಿಸಿ, ಅಲ್ಲಿ ಎಲ್ಲರ ಮುಂದೆ ಕೂಗಿ ಗೂಡು ಹರಾಜು ಹಾಕುವ ಪದ್ಧತಿ ತಂದರೆ ಬೇಕೋ, ಬೇಡವೋ? ಫಾರಂನಲ್ಲಿ ಹುಳು ಸಾಕುವವರಿಗೆ ಒಂದು ಕಾಲಂ, ನೂಲು ತೆಗೆಯುವವರಿಗೆ ಒಂದು, ನೇಯುವವರಿಗೆ ಒಂದು. ಸರ್ಕಾರದ ಎಲ್ಲ ಫಾರಂಗಳಲ್ಲೂ ಇರುವ 'ಇತರೆ' ಎಂಬ ಕಾಲಂ ಇದರಲ್ಲಿ ಇರಲಿಲ್ಲ. ಅದನ್ನು ನಾನು ಗಮನಿಸಿದ್ದೆನೇ? ಡೈರಿಯಲ್ಲಿಲ್ಲ.

ಮೊದಲ ನಾಲ್ಕು ದಿನ ಮುಳ್ಳೂರಿನ ಜಗಲಿಗಳ ಮೇಲೆ ಕೂತು ಬಾಯಿಂದಲೇ ಕೇಳಿದೆ. ಎಲ್ಲರೂ ಮಜ್ಜಿಗೆ ಕೊಟ್ಟರು, ಯಾರೂ ಉತ್ತರ ಕೊಡಲಿಲ್ಲ.

"ಅದೇನ್ ಬರ್ಕತೀರೋ ಬರ್ಕಳಿ ಸಾ."

"ನಾನು ಬರೆಯೋದಲ್ಲ, ನಿಮ್ಮ ಅಭಿಪ್ರಾಯ ಹೇಳಬೇಕು."

"ನೀವ್ ಓದಿರೋರು. ನೀವ್ ಬರ್ಕಂಡಿದ್ದೇ ನಮ್ಮಭಿಪ್ರಾಯ ಅಂದ್ಕಳಿ."

ಐದನೆಯ ದಿನ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನಲ್ಲಿ ಖಾಲಿ ಫಾರಂಗಳನ್ನು ಮುಂದಿಟ್ಟುಕೊಂಡು ಕೂತಿದ್ದಾಗ ಅವರು ಎದುರಿನ ಬೆಂಚಿನಲ್ಲಿದ್ದರು. ನನ್ನನ್ನು ಮುಳ್ಳೂರಿನಲ್ಲಿ ನೋಡಿದ್ದರಂತೆ.

"ಬಾಯಲ್ ಕೇಳುದ್ರೆ ಯಾರೇಳ್ತಾರೆ ಸಾ? ಎಂಡ್ರು ಮಕ್ಳು ಕೇಳುಸ್ಕತಾರೆ, ಪಕ್ಕದ್ ಮನೆಯೋನು ಕೇಳುಸ್ಕತಾನೆ. ಟವಲ್ ಆಸಿ ಕೇಳಿ. ಕೈ ಸುಳ್ಳೇಳಲ್ಲ."

ನನಗೆ ಅದು ಹೊಳೆದಿರಲಿಲ್ಲ. ಅವರು ಪ್ರಶ್ನೆ ಏನೆಂದು ಕೇಳಿದರು. ಓದಿ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು ಕೇಳಿದರು:

"ಎಲ್ಲಾರ್ಗೂ ಕೇಳಂಗೆ ಕೂಗಿ ಮಾರದಾ?"

"ಹೌದು."

"ಆಮೇಲೆ ಟವಲ್ಲು?"

"ಬೇಕಾಗೋದಿಲ್ಲ."

"ಟವಲ್ ಇಡ್ಕಂಡಿರೋನು?"

ನಾನು ಏನೋ ಹೇಳಿದೆ. ಪರಿವರ್ತನೆ, ಪ್ರಗತಿ ಎಂಬ ಮಾತುಗಳು ಅದರಲ್ಲಿ ಇದ್ದಿರಬೇಕು. ಅವರು ತಲೆಯಾಡಿಸಿ ಇನ್ನೊಂದು ಅರ್ಧ ಕಾಫಿ ಹೇಳಿದರು. ಮೂರು ಮಕ್ಕಳ ಸಂಸಾರ, ಒಂದೇ ಕಸುಬು, ಆ ಕಸುಬು ಬೇಕೋ ಬೇಡವೋ ಎಂದು ಜನರನ್ನು ಕೇಳುವ ಕೆಲಸ. ಮಾರನೆಯ ದಿನ ಬೆಳಿಗ್ಗೆ ಅವರು ಒಗೆದ ಟವೆಲ್ಲು ಹಾಕಿಕೊಂಡು ನನಗಿಂತ ಮೊದಲೇ ಬಸ್ಸಿನ ಹತ್ತಿರ ನಿಂತಿದ್ದರು.

ಒಂದು ಷರತ್ತು ಹಾಕಿದರು. ಟವೆಲ್ಲು ಅವರದು, ಕೈ ನನ್ನದು.

"ನಾನ್ ಕೈ ಇಡುದ್ರೆ ನಾನೇ ಯಾಪಾರ ಮಾಡ್ದಂಗಾಯ್ತದೆ. ನಾಳಿಕೆ ಅದು ಬೇಡ ಅಂತ ಬಂದ್ರೆ ದಲ್ಲಾಳಿ ತಿರುಗ್ಸ್‌ಬುಟ್ಟ ಅಂತಾರೆ. ನೀವೇ ಇಡೀರಿ. ನಾನ್ ಜತೇಲಿದ್ರೆ ಸಾಕು, ಜನ ಕೈ ಕೊಡ್ತಾರೆ."

ತೋರುಬೆರಳು ಹಿಡಿದರೆ ಬೇಕು, ಕಿರುಬೆರಳು ಹಿಡಿದರೆ ಬೇಡ ಎಂದು ಗೊತ್ತುಮಾಡಿದೆವು. ಮುಳ್ಳೂರಿನಲ್ಲಿ ಜನ ಸಾಲಾಗಿ ಬಂದು ಕೂತರು. ಇಲಾಖೆಯವನೊಬ್ಬ ಟವೆಲ್ಲಿನ ಕೆಳಗೆ ಊರಿನವರ ಕೈ ಹಿಡಿದು ಕೂತದ್ದು ಅವರಿಗೆ ನೋಡುವ ವಿಷಯವೇ ಆಯಿತು.

"ಏನ್ಲಾ, ಸರ್ಕಾರ ಕೈ ಇಡ್ಕಂಡ್ ಕುಂತದೆ, ಧಾರೆ ಯಾವಾಗ್ಲಾ?" ಎಂದ ಒಬ್ಬ.

"ಸುಮ್ನಿರ್ಲಾ, ನಿನ್ ಕೈನೂ ಇಡಿಯತ್ತೆ" ಎಂದರು ನಮ್ಮ ದಲ್ಲಾಳಿ.

ಮುಳ್ಳೂರಿನಲ್ಲಿ ಎಲ್ಲರೂ ಕಿರುಬೆರಳು ಹಿಡಿದರು. ಧನಗೆರೆಯಲ್ಲೂ ಕಿರುಬೆರಳು. ಯಳಂದೂರಿನಲ್ಲಿ ಒಬ್ಬರು ಕೈ ಕೊಡುವ ಮೊದಲೇ, "ನಾವು ಮೊದ್ಲಿಂದ್ಲೂ ಮೈಸೂರ್ನೋರು. ಇಂಥದೆಲ್ಲ ಕೊಳ್ಳೇಗಾಲ್ದೋರ್ನ ಕೇಳ್ಕಳಿ, ಅವ್ರು ಮೊನ್ನೆ ಬಂದೋರು" ಎಂದು ತಮ್ಮ ಹಿರಿಮೆ ಹೇಳಿಕೊಂಡು, ಆಮೇಲೆ ಕಿರುಬೆರಳನ್ನೇ ಹಿಡಿದರು. ನನಗೆ ಬಹಳ ಸಮಾಧಾನವಾಯಿತು. ಉತ್ತರ ಏನಾದರೇನು, ಉತ್ತರ ಎಂಬುದೊಂದು ಸಿಕ್ಕಿತ್ತಲ್ಲ. 'ಜನ ಏಕಕಂಠದಿಂದ ಮಾರುಕಟ್ಟೆಯನ್ನು ನಿರಾಕರಿಸುತ್ತಾರೆ' ಎಂಬ ವಾಕ್ಯ ಆಗಲೇ ಮನಸ್ಸಿನಲ್ಲಿ ಸಿದ್ಧವಾಗಿತ್ತು.

ನಮ್ಮ ದಲ್ಲಾಳಿ ಆ ಮೂರು ಊರಿನಲ್ಲೂ ನನ್ನನ್ನು ತಡೆಯಲಿಲ್ಲ. ನಾನು ಮಾಡುತ್ತಿದ್ದ ತಪ್ಪು ಅವರಿಗೆ ಮೊದಲ ಜಗಲಿಯಲ್ಲೇ ಗೊತ್ತಾಗಿರಬೇಕು. ಮೂರು ಊರು, ಆರು ದಿನ. ಆ ಆರು ದಿನ ಅವರ ತಲೆಯಲ್ಲಿ ಏನಿತ್ತು ಎಂದು ನಾನು ಎಷ್ಟೋ ಸಲ ಊಹಿಸಿದ್ದೇನೆ. ಪ್ರತಿ ಸಲವೂ ಊಹೆ ಬೇರೆಯಾಗುತ್ತದೆ.

ಏಳನೆಯ ದಿನ ಹನೂರಿಗೆ ಹೋದೆವು. ಬಸ್ಸಿಳಿದು ಹುಣಸೆ ಮರದ ನೆರಳಿನಲ್ಲಿ ನಿಂತಿದ್ದಾಗ ನಾನು ತುಂಬಿದ ಫಾರಂಗಳನ್ನು ಎಣಿಸುತ್ತಿದ್ದೆ. ಅವರು ಮೂಗಿಗೆ ನಶ್ಯ ಏರಿಸಿ, ಕೈ ಕೊಡವಿಕೊಂಡು ಹೇಳಿದರು:

"ಸಾ, ಅದನ್ನೆಲ್ಲ ಅರ್ದಾಕ್‌ಬುಡಿ."

"ಯಾಕೆ?"

"ಅದೆಲ್ಲ ಮೊದಲ್ನೇ ಮಾತು. ಯಾಪಾರದಲ್ಲಿ ಮೊದಲ್ನೇ ಮಾತ್ನ ಯಾರಾದ್ರೂ ಬರ್ಕತಾರಾ? ಯಾರೇ ಕೈ ಇಡುದ್ರೂ ಮೊದ್ಲು ಬೇಡ ಅನ್ನದೇ. ಬೇಕು ಅಂದ್ಬುಟ್ರೆ ಬೆಲೆ ಬಿದ್ದೋಯ್ತದೆ. ಅವ್ರು ಬೇಡ ಅಂತ ಇಡೀತಿದ್ದಂಗೆ ನೀವು ಕೈ ಬುಟ್ಬುಟ್ಟು ಬರ್ಕಂಬುಟ್ರಿ. ಅವ್ರು ಸರ್ಕಾರ ಇಷ್ಟ್ ಬೇಗ ಎದ್ದೋಯ್ತಲ್ಲಾ ಅಂತ ಬೆಪ್ಪಾಗವ್ರೆ."

"ಹಾಗಾದರೆ ನಿಜವಾದ್ದು ಯಾವುದು?"

"ಮೂರ್ನೇದು."

ನನಗೆ ಸಿಟ್ಟು ಬಂತು. ಆರು ದಿನದ ಕೆಲಸ ಹಾಳಾದದ್ದಕ್ಕೋ, ಅರ್ಥಶಾಸ್ತ್ರದ ಪದವೀಧರನಿಗೆ ಹುಣಸೆ ಮರದ ಕೆಳಗೆ ಪಾಠವಾದದ್ದಕ್ಕೋ. "ಇದನ್ನು ಮೊದಲೇ ಯಾಕೆ ಹೇಳಲಿಲ್ಲ?" ಎಂದು ಗದರಿಸಿದೆ. ಗದರಿಸಿದ್ದು ಡೈರಿಯಲ್ಲಿದೆ. ಅವರು ಕೊಟ್ಟ ಉತ್ತರವೂ ಇದೆ.

"ಏಳ್ದೆ ಇದ್ರೆ ನನ್ನೊಟ್ಟೆ ತುಂಬ್ತಿತ್ತು ಸಾ. ಅದುಕ್ಕೇ ಏಳ್ನಿಲ್ಲ."

ಇಷ್ಟು ಹೇಳಿ ಊರಿನ ಕಡೆ ಗಲ್ಲವೆತ್ತಿ, "ನಡೀರಿ, ಓಗವ" ಎಂದರು. ಈಗ ಯಾಕೆ ಹೇಳಿದಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ಆಗ ಹೊಳೆಯಲೂ ಇಲ್ಲ.

ಮತ್ತೆ ಶುರುವಿನಿಂದ ಶುರು. ಈ ಸಲ ಕೈ ಬಿಡದೆ ಕೂತೆ. ಎದುರಿನವರು ಕಿರುಬೆರಳು ಹಿಡಿಯುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ಅವರು ಮಳೆಯ ಮಾತೆತ್ತುತ್ತಿದ್ದರು, ಹಿಪ್ಪುನೇರಳೆ ಸೊಪ್ಪಿನ ಮಾತೆತ್ತುತ್ತಿದ್ದರು, ಮತ್ತೊಮ್ಮೆ ಕಿರುಬೆರಳು ಹಿಡಿಯುತ್ತಿದ್ದರು. ನಾನು ಇನ್ನೂ ಏಳದಿದ್ದರೆ ಅವರ ಬೆರಳುಗಳು ನಿಧಾನವಾಗಿ ಸರಿದು ತೋರುಬೆರಳಿಗೆ ಬರುತ್ತಿದ್ದವು. ನಿಜವಾದ ಅಭಿಪ್ರಾಯ ಹೊರಬಿತ್ತೋ, ಅಥವಾ ಈ ಮನುಷ್ಯ ಎದ್ದು ಹೋದರೆ ಸಾಕು ಎನಿಸಿತೋ, ದೇವರೇ ಬಲ್ಲ. ಇದೇ ಸಂಶಯವನ್ನು ನಮ್ಮ ದಲ್ಲಾಳಿಯ ಮುಂದೆ ಹೇಳಿದ್ದಕ್ಕೆ, "ಯಾಪಾರದಲ್ಲೂ ಅಂಗೇಯ. ಎದ್ದೋದ್ರೆ ಸಾಕು ಅಂತ ಒಪ್ಕಳದು ಒಪ್ಪಿಗೇನೇ" ಎಂದರು.

ತೊಂದರೆ ಬೇರೆ ಕಡೆಯಿಂದ ಬಂತು. ಸುಮಾರು ಜನ ತೋರುಬೆರಳನ್ನು ಹಿಡಿದರಾದರೂ ಮೇಲಿನ ಗೆಣ್ಣನ್ನು ಮಾತ್ರ ಹಿಡಿದರು.

"ಇದೇನು?"

"ಅರ್ದ" ಎಂದರು ನಮ್ಮವರು.

"ಅಭಿಪ್ರಾಯದಲ್ಲಿ ಅರ್ಧ ಹೇಗೆ ಬರುತ್ತದೆ?"

"ಮಾರ್ಕೆಟ್ ಬೇಕು, ಅವ್ರೂರ್ ಅತ್ರ ಇದ್ರೆ ಬೇಕು. ಕೊಳ್ಳೇಗಾಲಕ್ಕೇ ಒತ್ಕಂಬರಬೇಕು ಅಂದ್ರೆ ಬೇಡ. ಅದುಕ್ಕೇ ಅರ್ದ."

ಇದು ತಮಾಷೆಯಲ್ಲ ಎಂದು ಮಾರ್ಟಳ್ಳಿಗೆ ಹೋದಾಗ ಗೊತ್ತಾಯಿತು. ಅದು ತಮಿಳು ಸೀಮೆಯ ಅಂಚಿನ ಊರು. ಅಲ್ಲಿನ ಮುದುಕರೊಬ್ಬರು ನನ್ನ ಬೆರಳಿನ ಗೆಣ್ಣು ಹಿಡಿದುಕೊಂಡೇ ಅರ್ಧ ತಮಿಳಿನಲ್ಲಿ ಬಿಡಿಸಿ ಹೇಳಿದರು: "ಕೂಡು ಕಾಯೋದಿಲ್ಲ ಸಾಮಿ. ನಾಲ್ಕು ದಿನ ತಡ ಆದ್ರೆ ಪೂಚ್ಚಿ ಓಟೆ ಹಾಕ್ಕೊಂಡು ಪರಂದು ಓಯ್ತದೆ. ಮಾರ್ಕೆಟ್ಗೆ ನಾನ್ ಏನ್ ತರ್ಲಿ, ಓಟೆನಾ?" ಚಿಟ್ಟೆ ತೂತು ಮಾಡಿಕೊಂಡು ಹಾರಿಹೋದ ಗೂಡಿನಿಂದ ನೂಲು ಬರುವುದಿಲ್ಲ. ನನ್ನ ಫಾರಂನಲ್ಲಿ ಬೇಕು, ಬೇಡ ಎಂಬ ಎರಡೇ ಮನೆಗಳಿದ್ದವು. ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಧ, ಅರ್ಧ ಎಂದು ಬರೆಯುತ್ತಾ ಹೋದೆ.

ಧನಗೆರೆಗೆ ಎರಡನೆಯ ಸಲ ಹೋದಾಗ ನಡೆದದ್ದೊಂದನ್ನು ಹೇಳಬೇಕು. ಒಂದು ಮನೆಯ ಯಜಮಾನ ಜಗಲಿಯಲ್ಲಿ ನನ್ನ ಕೈ ಹಿಡಿದು ಕೂತಿದ್ದ. ಎರಡನೆಯ ಮಾತು ನಡೆಯುತ್ತಿತ್ತು. ಒಳಗೆ ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಅದೇನ್ ಕೇಳ್ತಿದ್ದೀರಿ, ಬಾಯ್ಬುಟ್ಟು ಕೇಳಿ. ನಾನೇಳ್ತೀನಿ."

ಟವೆಲ್ಲಿನ ಕೆಳಗೆ ಹೆಂಗಸರ ಕೈ ಹಿಡಿಯುವ ಪದ್ಧತಿ ಇಲ್ಲವಾದ್ದರಿಂದ ಅವರ್ಯಾರನ್ನೂ ನಾವು ಕೇಳಿರಲಿಲ್ಲ. ಪ್ರಶ್ನೆ ಹೇಳಿದೆ.

"ಬೇಕು ಅಂತ ಬರ್ಕಳಿ. ಉಳ ಮೇಯ್ಸಾಳು ನಾನು. ಸೊಪ್ ಕೊಯ್ಯಾಳು, ಕಸ ತೆಗೆಯಾಳು ನಾನು. ಆ ಟವಲ್ ಒಳಗೆ ಈವಯ್ಯ ಎಷ್ಟುಕ್ಕೆ ಕೊಟ್ಟಾನೆ ಅಂತ ಇವತ್ಗೂ ನಂಗ್ ಗೊತ್ತಿಲ್ಲ. ಕೂಗಿ ಮಾರುದ್ರೆ ನನ್ ಕಿವಿಗೂ ಬೀಳ್ತದೆ." ನಮ್ಮ ದಲ್ಲಾಳಿಯ ಕಡೆ ತಿರುಗಿ, "ಬೇಜಾರ್ ಮಾಡ್ಕಬೇಡಿ ಅಣ್ಣಯ್ಯ" ಎಂದಳು.

"ಬೇಜಾರೇನವ್ವ. ನಿನ್ ಗಂಡುಂಗೆ ಆಗಿರ್ಬೇಕು" ಎಂದರು ಅವರು.

ಫಾರಂನಲ್ಲಿ ಕುಟುಂಬದ ಯಜಮಾನನ ಅಭಿಪ್ರಾಯ ಎಂದು ಅಚ್ಚಾಗಿತ್ತು. ನಾನು ಪೆನ್ನು ಎತ್ತಿ ಹಿಡಿದು ಹಿಂದುಮುಂದು ನೋಡಿದೆ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, "ಬರ್ಕಳಿ ಸಾ. ಇಷ್ಟೂರಲ್ಲಿ ಮೊದಲ್ನೇ ಮಾತ್ನೇ ನಿಜ ಏಳಿರದು ಅವ್ಳೊಬ್ಳೇ" ಎಂದರು. ಬರೆದೆ. ಗಂಡನ ಹೆಸರಿನ ಮುಂದೆ.

ಸಮಿತಿ ಕೊಳ್ಳೇಗಾಲಕ್ಕೆ ಬಂದ ದಿನ ಪ್ರವಾಸಿ ಮಂದಿರದ ವರಾಂಡದಲ್ಲಿ ಜನ ತುಂಬಿದ್ದರು. ಹಿಂದಿನ ದಿನ ನನ್ನ ಮೇಲಧಿಕಾರಿ ಪಟ್ಟಿ ನೋಡಿ, "ಈ ಅರ್ಧಗಳೇನ್ರೀ? ಮನುಷ್ಯರನ್ನ ಸೀಳಿದ್ದೀರಾ?" ಎಂದು ಕೇಳಿ, ಅರ್ಧಗಳನ್ನೆಲ್ಲ 'ಬೇಕು' ಎಂಬ ಮನೆಗೆ ಸೇರಿಸಲು ಹೇಳಿದ್ದರು. ಸೇರಿಸಿದ್ದೆ. ಅಧ್ಯಕ್ಷರು ಒಳ್ಳೆಯ ಮನುಷ್ಯರು. ತಾಳ್ಮೆಯಿಂದ, ನಿಮ್ಮ ಮನಸ್ಸಿನಲ್ಲಿರುವುದನ್ನು ಧೈರ್ಯವಾಗಿ ಹೇಳಿ ಎಂದು ಮೂರು ಸಲ ಕೇಳಿಕೊಂಡರು. ವರಾಂಡದಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಮ್ಮವರು ಎದ್ದು ನಿಂತರು. ಜನ ತಲೆ ತಿರುಗಿಸಿ ನೋಡಿದರು. ಅವರಿಗೆ ಹೇಳುವುದೇನೋ ಇತ್ತು.

"ತಾವು ಹುಳು ಸಾಕುವವರೇ?" ಎಂದರು ಅಧ್ಯಕ್ಷರು.

"ಅಲ್ಲ ಸಾಮಿ."

"ಚರಕ ಇಟ್ಟಿದ್ದೀರಾ?"

"ಇಲ್ಲ ಸಾಮಿ."

"ಮಗ್ಗ?"

"ಇಲ್ಲ. ನಾನ್ ಟವಲ್ ತಂದಿದ್ದೋನು."

ಎಲ್ಲರೂ ನಕ್ಕರು. ಅಧ್ಯಕ್ಷರು ನನ್ನ ಕಡೆ ನೋಡಿದರು. ಇವರಿಲ್ಲದೆ ಈ ಪಟ್ಟಿಯೇ ಇರುತ್ತಿರಲಿಲ್ಲ, ಇವರು ಹೇಳುವುದನ್ನು ಕೇಳಿ, ಎಂದು ನಾನು ಹೇಳಬಹುದಿತ್ತು. ಆದರೆ ಅಭಿಪ್ರಾಯ ಸಂಗ್ರಹಿಸಿದ ಬಗೆ ಯಾವುದು ಎಂಬ ಪ್ರಶ್ನೆ ಆಗ ಏಳುತ್ತಿತ್ತು. ಮೇಲಧಿಕಾರಿಗೆ ಟವೆಲ್ಲಿನ ವಿಷಯ ನಾನು ತಿಳಿಸಿರಲಿಲ್ಲ. 'ವೈಯಕ್ತಿಕ ಸಂದರ್ಶನ' ಎಂದು ಬರೆದುಕೊಟ್ಟಿದ್ದೆ. ನಾನು ಕಾಗದ ನೋಡುತ್ತಾ ಕೂತೆ. "ಕಸುಬುದಾರರು ಮೊದಲು ಮಾತಾಡಲಿ" ಎಂದರು ಅಧ್ಯಕ್ಷರು. ನಮ್ಮವರು ಕೂತರು. ಕಸುಬುದಾರರು ಮಾತಾಡಲಿಲ್ಲ. ಸಭೆ ಮುಗಿಯಿತು.

ಮಾರುಕಟ್ಟೆ ಬಂತು, ಕೊಳ್ಳೇಗಾಲದಲ್ಲೇ. ಹುಳು ಸಾಕುವವರಿಗೂ ನೂಲು ತೆಗೆಯುವವರಿಗೂ ಮಾತ್ರ ಒಳಗೆ ಪ್ರವೇಶ. ಅದರಿಂದ ಒಳ್ಳೆಯದಾಗಲಿಲ್ಲ ಎಂದು ನಾನು ಹೇಳಲಾರೆ. ಧನಗೆರೆಯ ಆ ಹೆಂಗಸು ಗೂಡಿನ ಮೂಟೆಯ ಪಕ್ಕದಲ್ಲೇ ನಿಂತು ಹರಾಜು ಕೂಗುವುದನ್ನು ಕೇಳುತ್ತಿದ್ದಳಂತೆ. ಮಾರ್ಟಳ್ಳಿಯ ಕಡೆಯವರು ಕೆಲವರು ಹಿಪ್ಪುನೇರಳೆ ಕಿತ್ತು ಬೇರೆ ಬೆಳೆ ಹಾಕಿದರಂತೆ. ಎರಡೂ ಕೇಳಿದ ಮಾತು. ನನ್ನ ಕೆಲಸ ಕಾಯಂ ಆದದ್ದು ಮಾತ್ರ ಕಣ್ಣಾರೆ ಕಂಡದ್ದು.

ಅವರು ದನದ ದಲ್ಲಾಳಿಯಾದರು. ದನದ ವ್ಯಾಪಾರದಲ್ಲೂ ಟವೆಲ್ಲು ಉಂಟು. ಆದರೆ ಗೂಡನ್ನು ಕಿವಿಯಲ್ಲೇ ಅಳೆಯುತ್ತಿದ್ದ ಮನುಷ್ಯನಿಗೆ ಎತ್ತಿನ ಹಲ್ಲು ನೋಡುವುದು ಕೈಹತ್ತಲಿಲ್ಲ. ವಯಸ್ಸಾದ ಎತ್ತನ್ನು ಪ್ರಾಯದ್ದೆಂದು ಕೊಡಿಸಿ ಬೈಸಿಕೊಂಡರು. ಒಮ್ಮೆ ಎತ್ತಿನಿಂದ ಒದೆಸಿಕೊಂಡು ಬಲಗಾಲು ಎಳೆಯತೊಡಗಿದರು. ನಾನು ಯಳಂದೂರಿಗೆ ವರ್ಗವಾಗಿ ಬಂದ ಮೇಲೆ ಅವರು ಸಂತೆಗೆ ಹೋಗುವ ದಾರಿಯಲ್ಲಿ ಆಗಾಗ ನಮ್ಮ ಕಚೇರಿಗೆ ಬಂದು ಕೂರುತ್ತಿದ್ದರು.

"ಹೇಗಿದೆ ವ್ಯಾಪಾರ?" ಎಂದರೆ, "ನಡೀತದೆ ಸಾ. ದನಗಳ ಅಭಿಪ್ರಾಯ ಕೇಳಾಕೆ ಇನ್ನೂ ಯಾರೂ ಬಂದಿಲ್ಲ" ಎನ್ನುತ್ತಿದ್ದರು.

ಅಂಥ ಒಂದು ದಿನ ಸಮಿತಿಯ ವರದಿ ಅಚ್ಚಾಗಿ ನಮ್ಮ ಕಚೇರಿಗೆ ಬಂದಿತ್ತು. ಮಾರುಕಟ್ಟೆ ಶುರುವಾಗಿ ಆಗಲೇ ಎರಡು ವರ್ಷವಾಗಿತ್ತು. ವರದಿ ನಿಧಾನವಾಗಿ ಹಿಂದೆ ನಡೆದು ಬಂದಿತ್ತು. ಅವರಿಗೆ ಅಕ್ಷರ ಬರುತ್ತಿತ್ತು, ಆದರೆ ಓದಲು ಬಹಳ ಹೊತ್ತು ಬೇಕಾಗುತ್ತಿತ್ತು.

"ನಮ್ ಸುತ್ತಾಟದ್ದು ಇದ್ರಲ್ಲದಾ? ಓದಿ ಸಾ, ಕೇಳವ."

ಓದಿದೆ. ಊರುಗಳ ಹೆಸರು ಬಂದಾಗಲೆಲ್ಲ ತಲೆದೂಗಿದರು. ಬೇಕು ಎಂದವರ ಲೆಕ್ಕ ಕೇಳಿ, "ಅರ್ದದೋರೆಲ್ಲ ಪೂರ್ತಿ ಆಗ್ಬುಟ್ಟವ್ರೆ" ಎಂದಷ್ಟೇ ಹೇಳಿದರು. ನಾನು ಓದುತ್ತಾ ಹಾಳೆ ತಿರುವಿದೆ.

"ಎರಡಾಳೆ ಒಟ್ಗೆ ತಿರುವ್‌ಬುಟ್ರಿ ಸಾ."

ಜೀವಮಾನವಿಡೀ ಎದುರಿನವರ ಕೈಯನ್ನೇ ನೋಡಿಕೊಂಡು ಬಂದವರ ಮುಂದೆ ನಾನು ಆ ಚಾಲಾಕಿ ಮಾಡಬಾರದಿತ್ತು. ಹಿಂದಕ್ಕೆ ಹೋಗಿ ಓದಿದೆ. 'ಬೆಳೆಗಾರನಿಗೂ ನೂಲು ತೆಗೆಯುವವನಿಗೂ ನಡುವೆ ನಿಂತು, ಯಾವ ಕೆಲಸವನ್ನೂ ಮಾಡದೆ ಇಬ್ಬರನ್ನೂ ಕತ್ತಲೆಯಲ್ಲಿಡುವ ದಲ್ಲಾಳಿಯು ಈ ಕಸುಬಿನ ಅನಗತ್ಯ ಕೊಂಡಿ ಎಂಬುದು ಸಾರ್ವಜನಿಕರ ಅಭಿಪ್ರಾಯ.'

"ಅನಗತ್ಯ ಅಂದ್ರೆ?"

"ಬೇಡವಾದದ್ದು."

ಅವರು ನಶ್ಯದ ಡಬ್ಬಿ ತೆಗೆದು, ಮುಚ್ಚಳ ತೆರೆಯದೆ ಹಾಗೇ ಹಿಡಿದುಕೊಂಡರು. "ಇದ ಯಾವೂರ್ನೋರು ಏಳುದ್ರು ಸಾ? ನಾನೂ ಜತೇಲೇ ಇದ್ನಲ್ಲಾ."

ಯಾವ ಊರಿನವರೂ ಹೇಳಿರಲಿಲ್ಲ. ನಾವು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಆ ವಾಕ್ಯ ನನ್ನದು. ಕರಡು ತಯಾರಿಸುವಾಗ, ಓದಿದ್ದ ಪಠ್ಯಪುಸ್ತಕದ ಮಾತೊಂದನ್ನು ಕನ್ನಡಕ್ಕೆ ಇಳಿಸಿ, ಚೆನ್ನಾಗಿ ಬಂತು ಎಂದು ಖುಷಿಪಟ್ಟದ್ದು ಚೆನ್ನಾಗಿ ನೆನಪಿದೆ.

"ನಾನೇ ಬರೆದದ್ದು" ಎಂದೆ.

ಹಾಗೆ ಹೇಳಿದೆನೆಂದು ಆ ದಿನದ ಡೈರಿಯಲ್ಲಿದೆ. ಅವರು ನಶ್ಯದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ಒಡೆದಾಕಕ್ಕಾಗಲ್ವಾ ಅದ?" ಎಂದು ಕೇಳಿದರು.

"ಅಚ್ಚಾಗಿದೆ. ಎಲ್ಲ ಕಡೆಗೂ ಹೋಗಿದೆ."

"ಎಲ್ಲ ಕಡೇದೂ ಯಾಕೆ. ನಿಮ್ಮ್ ಕೈಲಿರೋ ಇದೊಂದ್ರಲ್ಲಿ."

ಡೈರಿ ಇಲ್ಲಿಗೆ ನಿಲ್ಲುತ್ತದೆ. ಮುಂದಿನದು ನೆನಪು. ಜೇಬಿನಿಂದ ಪೆನ್ನು ತೆಗೆದು ಆ ವಾಕ್ಯದ ಮೇಲೆ ಗೀಟು ಎಳೆದೆ, ಮಸಿ ಹಿಂದಿನ ಹಾಳೆಗೂ ಇಳಿಯಿತು, ಅವರು ನೋಡಿ ತಲೆಯಾಡಿಸಿ ಕುಂಟುತ್ತಾ ಸಂತೆಯ ಕಡೆ ಹೋದರು. ಇದನ್ನು ನಾನು ಹದಿನೈದು ವರ್ಷದಿಂದ ಸ್ನೇಹಿತರಿಗೆ ಹೇಳುತ್ತಾ ಬಂದಿದ್ದೇನೆ. ಹೆಂಡತಿಗೆ ಹೇಳಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ, ಸರ್ಕಾರಿ ನೌಕರನೂ ಮನುಷ್ಯ ಎಂಬುದಕ್ಕೆ ದೃಷ್ಟಾಂತವಾಗಿ ಹೇಳಿದ್ದೇನೆ.

ಅವರು ತೀರಿಹೋದ ಸುದ್ದಿ ಕೇಳಿದ ಮೇಲೆ ರಜೆ ಹಾಕಿ ಯಳಂದೂರಿನ ನನ್ನ ಹಳೆಯ ಕಚೇರಿಗೆ ಹೋದೆ. ಹಳೆಯ ಕಡತಗಳ ಕೋಣೆಯಲ್ಲಿ ಆ ಪುಸ್ತಕ ಇನ್ನೂ ಇತ್ತು. ಕಚೇರಿಗೆ ಬಂದದ್ದು ಅದೊಂದೇ ಪ್ರತಿ. ರಟ್ಟಿನ ಒಳಗೆ ನಾನೇ ಪಡೆದುಕೊಂಡೆನೆಂಬ ನನ್ನ ರುಜುವಿತ್ತು. ಆ ಪುಟ ತೆಗೆದೆ. ಕಾಗದ ಹಳದಿಯಾಗಿತ್ತು. ವಾಕ್ಯ ಇದ್ದಲ್ಲೇ ಇತ್ತು. ಗೀಟಿರಲಿಲ್ಲ. ಹಿಂದಿನ ಪುಟ ನೋಡಿದೆ, ಮುಂದಿನದು ನೋಡಿದೆ. ಪುಸ್ತಕದಲ್ಲಿ ಎಲ್ಲಿಯೂ ಮಸಿಯ ಚುಕ್ಕೆ ಕೂಡ ಇರಲಿಲ್ಲ.

ಕಿಟಕಿಯ ಹತ್ತಿರ ಹೋಗಿ ನಿಂತು ಪೆನ್ನಿನ ಕ್ಯಾಪು ತೆಗೆದೆ.

"ಸಾರ್, ಆಫೀಸ್ ಕಾಪಿ ಅದು. ಏನೂ ಬರೀಬೇಡಿ, ಆಡಿಟ್‌ನೋರು ಕೇಳ್ತಾರೆ" ಎಂದ ಗುಮಾಸ್ತ, ತಲೆಯೆತ್ತದೆ.

"ಇಲ್ಲಪ್ಪ" ಎಂದು ಪುಸ್ತಕವನ್ನು ಅವನಿಗೆ ಕೊಟ್ಟು ಬಂದೆ.